ಹೆದೆಗೆ ಕಟ್ಟಿದ ಕೆಂಪು ದಾರ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಆಫೀಸಿನ ಗೆಳತಿಯೂ ಜಯನಗರದ ಒಂದು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಬಿಲ್ಲುವಿದ್ಯೆ ಕಲಿಯುತ್ತಿದ್ದೆವು. ಅವಳು ಧಾರವಾಡದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ನಮ್ಮವು ಬಿದಿರಿನ ಬಿಲ್ಲುಗಳು. ಹೆದೆ ಏರಿಸಿದ ಮೇಲೆ ಹಿಡಿಗೂ ಹೆದೆಗೂ ನಡುವೆ ಮುಷ್ಟಿಯಿಟ್ಟು ಹೆಬ್ಬೆರಳು ನಿಲ್ಲಿಸಿದಷ್ಟು ಅಂತರವಿರಬೇಕು. ಆಮೇಲೆ ಹೆದೆಗೆ ದಾರ ಸುತ್ತಿ ಒಂದು ಗಂಟು. ಬಾಣದ ಬುಡ ಅದರ ಕೆಳಗೆ ಕೂರುತ್ತದೆ, ಬಾಣದ ಮುಂಭಾಗ ಒರಗುವ ಎಡಮುಷ್ಟಿಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ಗಂಟು ತಗ್ಗಿದರೆ ಬಾಣ ಹೊರಡುವಾಗ ಗರಿ ಬಿಲ್ಲು ಹಿಡಿದ ಕೈಗೆ ಬಡಿಯುತ್ತದೆ. ನಮ್ಮ ಮೇಷ್ಟ್ರು ಮೂಲೆಮಟ್ಟ, ಅಂದರೆ ಬಡಗಿಗಳ ಲಂಬಕೋನದ ಅಳತೆಪಟ್ಟಿ, ಹಿಡಿದು ಒಂದೊಂದು ಬಿಲ್ಲಿಗೂ ತಾವೇ ಗಂಟು ಕಟ್ಟಿದ್ದರು.

ಆ ದಸರಾಕ್ಕೆ ಮೇಷ್ಟ್ರು ಊರಿಗೆ ಹೋಗಿದ್ದರು. ಆಯುಧಪೂಜೆಗೆ ಬಿಲ್ಲುಗಳನ್ನು ಒರೆಸಿ ಅರಿಶಿನ ಕುಂಕುಮ ಇಟ್ಟವರು ಈ ತರಗತಿ ನಡೆಸುತ್ತಿದ್ದ ಸಂಘದ ಕಾರ್ಯದರ್ಶಿ. ಕೊಳೆಯಾಗಿವೆಯೆಂದು ಹಳೆಯ ಗಂಟುಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ, ಹೆದೆಯ ಸರಿನಡುವೆ, ನೋಡಲು ಚೆಂದವಾಗಿ, ಹೊಸ ಕೆಂಪು ದಾರ ಸುತ್ತಿದ್ದರು. ಮಾರನೆಯ ದಿನ ವಿಜಯದಶಮಿ. ಎಲ್ಲರೂ ಒಂದೊಂದು ಬಾಣ ಬಿಡಬೇಕು ಎಂದರು.

ದಾರ ಹಳೆಯ ಗಂಟಿನ ಜಾಗಕ್ಕಿಂತ ಕೆಳಗಿರುವುದು ನನಗೆ ಕಂಡಿತ್ತು. ಹಬ್ಬದ ದಿನ ಹಿರಿಯರಿಗೆ ಏನು ಹೇಳುವುದೆಂದು ಸುಮ್ಮನಿದ್ದೆ.

ಮೊದಲ ಸರದಿ ಗೆಳತಿಯದು. ಬಾಣ ಹೊರಟಿತು. ಗರಿಯ ಗಟ್ಟಿ ಬುಡ ಅವಳ ಎಡಗೈ ತೋರುಬೆರಳನ್ನು ಗೆಣ್ಣಿನ ಹತ್ತಿರ ಸೀಳಿತು. ಅವಳು ಬಿಲ್ಲನ್ನು ನಿಧಾನವಾಗಿ ನೆಲಕ್ಕಿಟ್ಟು, ಆಮೇಲೆ ಕೈ ನೋಡಿಕೊಂಡಳು.

ಎದುರಿನ ಕ್ಲಿನಿಕ್ಕಿನಲ್ಲಿ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದಾಗ ಕಾರ್ಯದರ್ಶಿ ರಿಜಿಸ್ಟರ್ ತೆರೆದು ಕೂತಿದ್ದರು. ‘ಸ್ವಂತ ಅಜಾಗರೂಕತೆಯಿಂದ ಗಾಯ’ ಎಂದು ಬರೆದಾಗಿತ್ತು.

“ಸೈನ್ ಮಾಡಮ್ಮ. ಕೈ ಅಲ್ಲಾಡಿಸ್ಬಿಟ್ಟೆ ನೀನು. ಹೆಣ್ಮಕ್ಳಿಗೆ ಇದೆಲ್ಲ ಆಗಲ್ಲ ಅಂತ ನಾನು ಮೊದ್ಲೇ ಹೇಳಿದ್ದೆ.”

“ನಾ ಕೈ ಅಲ್ಲಾಡಿಸಿಲ್ರೀ ಸರ್.”

ನಾನು ಮೂಲೆಮಟ್ಟ ತಂದು ಅವಳ ಬಿಲ್ಲಿಗೆ ಹಿಡಿದೆ. ಎರಡು ಸಲ ಅಳೆದೆ. “ದಾರ ಒಂದು ಬೆರಳು ಕೆಳಗಿದೆ, ನೋಡಿ ಸಾರ್.”

“ಪೂಜೆ ಮಾಡಿರೋ ದಾರ ಕಣ್ರೀ ಅದು. ಅದ್ರ ಮೇಲೆ ತಪ್ಪು ಹೊರಿಸ್ತೀರಾ? ಒಂದು ಬೆರಳಿಗೆ ಪ್ರಪಂಚ ಮುಳುಗೋಗುತ್ತಾ?”

“ನಂದೂ ಒಂದ ಬೆರಳ ಹರದದ್ದರೀ,” ಎಂದಳು ಅವಳು. “ಉಳದ ಒಂಬತ್ತ ಛಲೋ ಅದಾವ.”

ಹಿಂದೆ ಯಾರೋ ನಕ್ಕರು. ಕಾರ್ಯದರ್ಶಿಯ ಮುಖ ಗಂಟಿಕ್ಕಿತು. ಗೆಳತಿ ಪೆನ್ನು ಮುಟ್ಟಲಿಲ್ಲ. ನಾನು ತೆಗೆದುಕೊಂಡು ಆ ಸಾಲಿನ ಕೆಳಗೆ ಬರೆದೆ: ‘ಗಂಟಿನ ಜಾಗ ಬದಲಾಗಿತ್ತು. ಅಳೆದು ನೋಡಿದ್ದೇನೆ. ಮೊದಲೇ ಕಂಡರೂ ಹೇಳಲಿಲ್ಲ.’ ಸಹಿ ಹಾಕಿದೆ.

ಕಾರ್ಯದರ್ಶಿ ಓದಿದರು. ಹಾಳೆಯನ್ನು ಹರಿದು ಮಡಿಚಿ ಜೇಬಿಗಿಟ್ಟುಕೊಂಡರು. ಹೊಸ ಹಾಳೆಯಲ್ಲಿ ಅದೇ ಮೊದಲ ಸಾಲನ್ನು ದುಂಡಗೆ, ಅವಸರವಿಲ್ಲದೆ ಬರೆದರು. ಅವಳ ಸಹಿಯ ಜಾಗದಲ್ಲಿ, ನಮ್ಮಿಬ್ಬರ ಕಣ್ಣೆದುರೇ, ‘ಸಹಿ ಮಾಡಲು ನಿರಾಕರಿಸಿದ್ದಾರೆ’ ಎಂದು ಸೇರಿಸಿದರು.