ಬೇಟೆಗಾತಿಯ ಮೇಲೆ ಬಿದ್ದ ಟಾರ್ಚು

ಮೊನ್ನೆ ಬೀರು ತೆಗೆದಾಗ ನನ್ನ ಹಳೆಯ ಟಾರ್ಚು ಸಿಕ್ಕಿತು. ಒಳಗೆ ಶೆಲ್ಲು ಸೋರಿತ್ತು. ಮುಚ್ಚಳ ತಿರುಗಿಸಿದೊಡನೆ ಘಾಟು ಮೂಗಿಗೆ ಬಡಿಯಿತು. ನೀವು ಬೇಲೂರಿಗೆ ಬಂದವರಾದರೆ ಇದರ ಬೆಳಕಿನಲ್ಲಿ ಒಂದೆರಡು ಮದನಿಕೆಯರನ್ನು ನೋಡಿಯೇ ಇರುತ್ತೀರಿ. ನಾನು ಅಲ್ಲಿನ ದೇವಸ್ಥಾನದಲ್ಲಿ ಗೈಡು. ಶಿಲ್ಪ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾದರೆ ಆಯುಸ್ಸು ಸಾಲದು.

ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಜನ ಒಮ್ಮೆ ನಕ್ಕರೆ ಸಾಕು, ಆ ಮಾತು ಗೈಡಿನ ಬಾಯಲ್ಲೇ ತಳವೂರಿಬಿಡುತ್ತದೆ. ಬಿಲ್ಲು ಹಿಡಿದ ಬೇಟೆಗಾತಿಯ ಕೆಳಗೆ ಗುಂಪನ್ನು ನಿಲ್ಲಿಸಿ, ಅವಳ ಸೊಂಟಕ್ಕೆ ಟಾರ್ಚು ಬಿಟ್ಟು, "ಈ ಸೊಂಟ ನೋಡಿದ ಜಿಂಕೆಗೆ ಬಾಣ ಯಾಕೆ ಸ್ವಾಮಿ? ತಾನಾಗೇ ಬಂದು ಬೀಳುತ್ತೆ!" ಎನ್ನುತ್ತಿದ್ದೆ. ಗಂಡಸರು ಘೊಳ್ಳೆಂದು ನಗುತ್ತಿದ್ದರು. ಹೆಂಗಸರು ಮಕ್ಕಳ ಕೈ ಹಿಡಿದು ಮುಂದಿನ ಶಿಲ್ಪದತ್ತ ನಡೆಯುತ್ತಿದ್ದರು. ಅವರಿಗೆ ಕಾಲು ನೋವು ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ, ಕೆಲವು ವರ್ಷಗಳ ಹಿಂದೆ ಅರಸೀಕೆರೆಯಿಂದ ತಂಗಿಯ ಫೋನು ಬಂತು. ಅವಳ ಮಗಳು ರಕ್ಷಿತಾ ಆಗ ಕಾಲೇಜಿನಲ್ಲಿದ್ದಳು. ಕಂಪ್ಯೂಟರಿನಲ್ಲಿ ಹೊಡೆದಾಡುವ ಆಟ ಆಡುತ್ತಿದ್ದಳು, ಚೆನ್ನಾಗಿಯೇ ಆಡುತ್ತಿದ್ದಳು. ಬರುವ ಭಾನುವಾರ ಹಾಸನದಲ್ಲಿ ಅದರದ್ದೇ ಪಂದ್ಯವಿತ್ತು. ಹೆಸರು ಕೊಟ್ಟವರಲ್ಲಿ ಇವಳೊಬ್ಬಳೇ ಹುಡುಗಿ.

"ಹೆಂಗಸ್ರನ್ನ ಅರೆಬತ್ತಲೆ ನಿಲ್ಸಿ ಕೊಲ್ಲೋ ಆಟ ಕಣಣ್ಣ. ಪಂದ್ಯ ಬೇಡ, ಆ ಕಂಪ್ಯೂಟ್ರೂ ಬೇಡ. ನಾನ್ ಹೇಳುದ್ರೆ ಕೇಳಲ್ಲ. ಸೋದರಮಾವ ನೀನು, ನೀನ್ ಬಂದು ಹೇಳು. ನೀನ್ ಹೇಳಿದ್ದೇ ಕೊನೆ," ಎಂದಳು ತಂಗಿ.

ಕೊನೆಯ ಮಾತು ನನ್ನದು ಎಂದರೆ ನನಗೆ ಎಲ್ಲಿಲ್ಲದ ಹುರುಪು. ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಕೊಬ್ಬರಿ ಒಣಗಿಸುವ ಅಟ್ಟದ ಕೆಳಗಿನ ಕೋಣೆಯಲ್ಲಿ ರಕ್ಷಿತಾ ಕೂತಿದ್ದಳು. ಬೈಯಲು ಬಂದ ಮಾವನಿಗೆ ಕುರ್ಚಿ ಎಳೆದು ಕೊಟ್ಟು ಆಟ ತೋರಿಸಿದಳು. ಅವಳ ಪಾತ್ರ ಕತ್ತಿ ಹಿಡಿದ ಹೆಣ್ಣು.

"ನೋಡಿ ಮಾವ, ಗಂಡಸ್ರಿಗೆ ಕತ್ತಿನ ತನಕ ಕಬ್ಬಿಣದ ಕವಚ. ನನ್ನ ಹೊಟ್ಟೆ ಮೇಲೆ ಏನೂ ಇಲ್ಲ. ನನಗೆ ಬಾಣ ತಾಗಲ್ವಾ? ಗಂಡಸು ಸತ್ರೆ ದಬಕ್ಕನೆ ಬೀಳ್ತಾನೆ. ಹೆಂಗಸು ಸತ್ರೆ ಫೋಟೋಗೆ ಮಲಗಿದಂಗೆ ಬೀಳ್ತಾಳೆ. ಅವಳ ಸುತ್ತ ಕ್ಯಾಮೆರಾ ಬೇರೆ ನಿಧಾನಕ್ಕೆ ತಿರುಗುತ್ತೆ."

"ಮತ್ತೆ ಯಾಕೆ ಆಡ್ತೀಯೇ?"

"ಆಡೋದು ಇಷ್ಟ ಮಾವ. ಗೆಲ್ಲೋದು ಇನ್ನೂ ಇಷ್ಟ. ನನ್ನನ್ನ ಹಿಂಗೆ ತೋರಿಸೋದು ಇಷ್ಟ ಇಲ್ಲ. ಅದಕ್ಕೆ ನಾನ್ಯಾಕೆ ಆಟ ಬಿಡಲಿ?"

ಉತ್ತರ ಹೊಳೆಯದಿದ್ದಾಗ ನಾನು ಹೊಯ್ಸಳರನ್ನು ಕರೆಯುತ್ತೇನೆ. "ನಮ್ಮ ಮದನಿಕೆಯರೇನು ಮೈತುಂಬ ಸೀರೆ ಉಟ್ಟಿದ್ದಾರೇನೇ? ಅದೂ ಹಂಗೇ, ಇದೂ ಹಂಗೇ," ಎಂದೆ.

"ಹೌದಾ? ತೋರಿಸಿ ಹಂಗಾದ್ರೆ," ಎಂದವಳು ಮಾರನೆಯ ಬೆಳಿಗ್ಗೆ ನನ್ನ ಜೊತೆಯೇ ಬಸ್ಸು ಹತ್ತಿದಳು.

ಅವತ್ತು ನನಗೆ ಸಿಕ್ಕಿದ್ದು ದೊಡ್ಡ ಗುಂಪು. ರಕ್ಷಿತಾ ಎಲ್ಲರಿಗಿಂತ ಹಿಂದೆ ನಿಂತಳು. ಬೇಟೆಗಾತಿಯ ಕೆಳಗೆ ಬಂದೆವು. ಟಾರ್ಚು ಸೊಂಟಕ್ಕೆ ಹೋಯಿತು, ಜಿಂಕೆಯ ಮಾತು ಬಂತು, ಗಂಡಸರು ನಕ್ಕರು.

"ಮಾವ," ಹಿಂದಿನಿಂದ ದನಿ ಬಂತು. "ಅವಳ ಬಿಲ್ಲು ಮೇಲಕ್ಕಿದೆಯಲ್ಲ. ಜಿಂಕೆ ಮರದ ಮೇಲಿರುತ್ತಾ?"

ತಲೆಯೆತ್ತಿ ನೋಡಿದೆ. ನಿಜ, ಬಿಲ್ಲು ಅವಳ ತಲೆಯ ಮೇಲೆ ಕೆತ್ತಿದ ಎಲೆಬಳ್ಳಿಯ ಕಡೆಗಿತ್ತು. ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ತೋರಿಸಿದ ಶಿಲ್ಪ. ಅವಳು ಎತ್ತ ಗುರಿಯಿಟ್ಟಿದ್ದಾಳೆಂದು ಒಂದು ಸಲವೂ ನೋಡಿರಲಿಲ್ಲ. ಈ ಸಲ ಹೆಂಗಸರು ನಕ್ಕರು. ಯಾರ ಕಾಲೂ ನೋಯುತ್ತಿರಲಿಲ್ಲ.

ಗುಂಪು ಚದುರಿದ ಮೇಲೆ ರಕ್ಷಿತಾ ಹತ್ತಿರ ಬಂದಳು. "ಅವಳಿಗೂ ಬಟ್ಟೆ ಕಮ್ಮೀನೇ ಮಾವ. ಆದ್ರೆ ಅವಳ ಕಣ್ಣು ಅವಳ ಕೆಲಸದ ಮೇಲಿದೆ. ಕೆತ್ತಿದವನು ಅದನ್ನ ನೋಡಿದಾನೆ. ನೀವು ಸೊಂಟಕ್ಕೆ ಲೈಟ್ ಬಿಟ್ರಿ. ನನ್ನ ಆಟ ಮಾಡಿದೋರೂ ಅಷ್ಟೇ."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ? ಕಾಫಿ ಕುಡಿಯುವ ಹೊತ್ತಿಗೆ ಸಿಟ್ಟು ಇಳಿದಿತ್ತು, ನಾಚಿಕೆ ಇಳಿದಿರಲಿಲ್ಲ. ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ. "ಪಂದ್ಯಕ್ಕೆ ಕಳಿಸು. ಕಂಪ್ಯೂಟರ್ ಇರಲಿ. ಅವಳಿಗೆ ನೋಡೋಕೆ ಬರುತ್ತೆ ಕಣಮ್ಮ, ನನಗೇ ಬರ್ತಿರಲಿಲ್ಲ." ತಂಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಆದರೆ ಮಗಳನ್ನು ಕಳಿಸಿದಳು.

ರಕ್ಷಿತಾ ಎರಡನೇ ಸುತ್ತಿನಲ್ಲಿ ಸೋತಳು. ಈಗಲೂ ಆಡುತ್ತಾಳೆ. ಕವಚ ಕೊಡಿ ಎಂದು ಆಟ ಮಾಡಿದವರಿಗೆ ಬರೆಯುತ್ತಲೂ ಇರುತ್ತಾಳೆ. ಉತ್ತರ ಬಂದಿಲ್ಲ, ಬರೆಯುವುದನ್ನು ನಿಲ್ಲಿಸಿಲ್ಲ.

ಹಳೆಯ ಟಾರ್ಚನ್ನು ಉಜ್ಜಿ, ಹೊಸ ಶೆಲ್ಲು ಹಾಕಿ ಇವತ್ತು ಕೆಲಸಕ್ಕೆ ಒಯ್ದೆ. ಗುಂಪಿನಲ್ಲಿದ್ದ ಹಿರಿಯರೊಬ್ಬರು ನನ್ನ ಗುರುತು ಹಿಡಿದರು. "ರೀ, ಹಿಂದೆ ಬಂದಾಗ ಅದೇನೋ ಜಿಂಕೆ ಜೋಕ್ ಹೇಳಿದ್ರಲ್ಲ, ಹೇಳ್ರೀ!" ಬಿಟ್ಟು ವರ್ಷಗಳಾಗಿದ್ದ ಮಾತು ನಾಲಿಗೆಯ ತುದಿಗೆ ಬಂತು. ಹಳೆಯ ಟಾರ್ಚಿಗೂ ಹಳೆಯ ದಾರಿ ನೆನಪಿತ್ತೋ ಏನೋ, ಬೆಳಕು ಬೇಟೆಗಾತಿಯ ಸೊಂಟದವರೆಗೆ ಹೋಯಿತು.

ಅಲ್ಲಿ ನಿಲ್ಲಿಸಲಿಲ್ಲ. ತೋಳು ದಾಟಿ, ಬಿಲ್ಲು ದಾಟಿ, ಬೆಳಕನ್ನು ಅವಳ ಕಣ್ಣಿಗೆ ಒಯ್ದೆ.

"ಸ್ವಲ್ಪ ಸುಮ್ಮನಿರಿ ಸ್ವಾಮಿ," ಎಂದೆ. "ಅವಳು ಗುರಿ ಹಿಡಿದಿದ್ದಾಳೆ."