ಸತ್ತವರು ಬಾಗಿಲು ತಟ್ಟಿದರೆ ಕೆಂಪು ದಾರ

ನಮ್ಮ ಕಡೆಯ ಓದುಗರ ಬಳಗವೊಂದು ಪ್ರತಿವರ್ಷ ಕಿರುಕಾದಂಬರಿ ಸ್ಪರ್ಧೆ ನಡೆಸುತ್ತದೆ. ವಿಜ್ಞಾನದ ಕಲ್ಪನೆ ಇರಬೇಕು, ಇಲ್ಲವೇ ಮಾಯಾಲೋಕದ ಕಥೆಯಾಗಿರಬೇಕು. ತೀರ್ಪುಗಾರರು ನಾವಿಬ್ಬರೇ: ಬಳ್ಳಾರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನಾನು, ಸಿರುಗುಪ್ಪದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಗೆಳತಿ. ಓದುವ ಕಾಲದಲ್ಲಿ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು. ಆಗಿನಿಂದ ನಾವು ಒಂದು ವಿಷಯಕ್ಕೂ ಜಗಳವಿಲ್ಲದೆ ಒಪ್ಪಿಕೊಂಡವರಲ್ಲ.

ಬಳಗದವರು ಮಹಾ ಜಿಪುಣರು. ಹಸ್ತಪ್ರತಿಯ ಒಂದೇ ಪ್ರತಿ ಕಳಿಸುತ್ತಿದ್ದರು, ಅದನ್ನೂ ಬರೆದವರಿಗೆ ಹಿಂದಿರುಗಿಸಬೇಕಿತ್ತು. ಮೊದಲ ಸಲ ನಾನು ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಟೀಕೆ ಗೀಚಿದ್ದಕ್ಕೆ ಲೇಖಕನೊಬ್ಬ ಕೆಂಡವಾದ. ಇನ್ನು ಮುಂದೆ ಹಾಳೆಗೆ ಗುರುತು ಹಾಕುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಗೆಳತಿಯದು ಬಟ್ಟೆ ಹೊಲಿಯುವ ಮನೆತನ. ಮುಂದಿನ ವರ್ಷ ಅವಳು ಹಾಳೆಯ ಅಂಚಿನಲ್ಲಿ ಸೂಜಿಯಿಂದ ದಾರದ ಕುಣಿಕೆ ಹಾಕಿ ತಂದಳು. ಕಥೆ ಕೈಹಿಡಿದು ನಡೆಸಿದ ಕಡೆ ಹಸಿರು, ಸುಳ್ಳು ಹೇಳಿದ ಕಡೆ ಕೆಂಪು. ವಾಪಸು ಕೊಡುವಾಗ ಎಳೆದು ತೆಗೆದರಾಯಿತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲು ಅವಳು ಓದುವಳು, ಆಮೇಲೆ ನಾನು. ಹಸ್ತಪ್ರತಿಗಳ ಗಂಟು ಕೈ ಬದಲಾಗುತ್ತಿದ್ದದ್ದು ಕುರುಗೋಡಿನಲ್ಲಿ, ಇಬ್ಬರಿಗೂ ನಡುದಾರಿ ಎಂದು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಮಾಲೀಕನಿಗೆ ನಮ್ಮನ್ನು ಎಬ್ಬಿಸುವುದೇ ಕಷ್ಟ.

"ಎಲ್ಲಾ ಹಾರೋ ಹಡಗೂ ಬೆಂಗ್ಳೂರಿಗೇ ಇಳಿತಾವಲ್ಲೇ! ನಮ್ಮ ತೆಕ್ಕಲಕೋಟಿಗೆ ಇಳಿಯಾಕ ಏನು ರೋಗ?" ಎಂದು ಸಿಡಿಮಿಡಿಗೊಳ್ಳುವಳು. ಸಂಗನಕಲ್ಲಿನ ಗುಡ್ಡದಲ್ಲಿ ಗಂಟೆಯಂತೆ ನುಡಿಯುವ ಕಲ್ಲು ಬಡಿದು, ಇನ್ನೂ ಹುಟ್ಟದವರಿಗೆ ಸುದ್ದಿ ಮುಟ್ಟಿಸುವ ಹುಡುಗಿಯ ಕಥೆಯೊಂದು ಬಂದ ವರ್ಷ ಮಾತ್ರ ಆ ಹಸ್ತಪ್ರತಿಯ ಅಂಚೆಲ್ಲ ಹಸಿರೋ ಹಸಿರು. ನನಗೆ ಅದರ ವಿಜ್ಞಾನ ಒಪ್ಪಿಗೆಯಾಗಿರಲಿಲ್ಲ. "ನಿನ್ನ ವಿಜ್ಞಾನ ನಿನ್ನ ಹತ್ರಾನೇ ಇಟ್ಕ" ಎಂದಳು. ಬಹುಮಾನ ಅದಕ್ಕೇ ಹೋಯಿತು.

ಒಂದು ವಿಷಯದಲ್ಲಿ ಮಾತ್ರ ಅವಳು ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಸತ್ತವರು ಮರಳಿ ಬರುವ ಕಥೆಗೆ ಕೆಂಪು ದಾರ, ಅಷ್ಟೇ. ಬೇರೆ ಲೋಕ ಇರಲಿ, ಮಾತಾಡುವ ನಾಯಿ ಇರಲಿ, ಎರಡು ಸೂರ್ಯ ಇರಲಿ, ಸತ್ತವರು ಬಂದು ಬಾಗಿಲು ತಟ್ಟಬಾರದು. ಮಾಯೆಯ ಕಥೆಯಲ್ಲಿ ಯಾಕಾಗಬಾರದು ಎಂದು ನಾನು ವಾದಿಸಿದೆ. ಅವಳ ಗಂಡ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಚಹಾದ ಲೋಟ ಕೆಳಗಿಟ್ಟಳು.

"ಬರಂಗಿಲ್ಲ ಲೇ. ನಾ ಕಾಯ್ದು ಕಾಯ್ದು ನೋಡೀನಿ."

ಆಮೇಲೆ ಆ ವಾದವನ್ನು ನಾನು ಎತ್ತಲಿಲ್ಲ.

ಈ ವರ್ಷ ಗಂಟು ಅವಳ ಮನೆ ತಲುಪುವ ಹೊತ್ತಿಗೆ ಅವಳ ಕಿಡ್ನಿ ಕೈಕೊಟ್ಟಿತ್ತು. ಫೋನಿನಲ್ಲಿ ದನಿ ಸಣ್ಣಗಾಗಿತ್ತು. "ಒಂದು ಉಳದೈತಿ. ಮುಗಿಸಿ ಕುರುಗೋಡಿಗೆ ಬರ್ತೀನಿ, ಮಿರ್ಚಿ ಬಿಸಿ ಇರಬೇಕು ನೋಡು" ಎಂದಿದ್ದಳು. ಕುರುಗೋಡಿಗೆ ಬರಲಿಲ್ಲ. ನಾನೇ ಸಿರುಗುಪ್ಪಕ್ಕೆ ಹೋದೆ, ಅವಳ ಮಣ್ಣಿಗೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಅದನ್ನು ಕಂಡು ನನಗೆ ಸಿಟ್ಟೇ ಬಂತು.

ಹೊರಡುವಾಗ ಅವಳ ಮಗಳು ಗಂಟು ತಂದು ನನ್ನ ತೊಡೆಯ ಮೇಲಿಟ್ಟಳು. ಮೇಲಿದ್ದ ಹಸ್ತಪ್ರತಿಯ ರಟ್ಟಿಗೆ ಸೂಜಿ ಚುಚ್ಚಿಟ್ಟಿತ್ತು, ಪಕ್ಕದಲ್ಲಿ ಎರಡು ಬಣ್ಣದ ದಾರದುಂಡೆ.

"ಅಮ್ಮಿ ಕಡೀಕ ಇದನ್ನೇ ಓದಾಕತ್ತಿದ್ರು ಆಂಟಿ. ಎದಿ ಮ್ಯಾಲೆ ಇಟ್ಕಂಡು ಕಣ್ಣು ಮುಚ್ಚಿರ್ತಿದ್ರು. ಪೂರ್ತಿ ಓದಿದ್ರೋ ಇಲ್ಲೋ ಗೊತ್ತಿಲ್ರಿ."

ಸ್ಪರ್ಧೆ ನಡೆಸುವವರು ಫೋನ್ ಮಾಡಿ, "ನೀವೊಬ್ರೇ ತೀರ್ಮಾನ ಹೇಳಿಬಿಡ್ರಿ ಮೇಡಂ, ಸಾಕು" ಎಂದರು. ಉಳಿದವುಗಳನ್ನು ಅವಳ ದಾರ ಹಿಡಿದುಕೊಂಡೇ ಓದಿ ಮುಗಿಸಿದೆ. ಆ ಕೊನೆಯದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಕಡೆಗೊಂದು ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತು ಮಲಗಲಾಗದಿದ್ದಾಗ, ತೆಗೆದುಕೊಂಡು ಕೂತೆ.

ದೂರದ ಒಂದು ಗ್ರಹ. ಮಂಜುಗಡ್ಡೆ ಕರಗಿಸಿ ತಂದ ನೀರಿನ ಕಾಲುವೆ. ಅದರ ಗೇಟು ಕಾಯುವ ಇಬ್ಬರು ಹೆಂಗಸರು, ಬಾಲ್ಯದ ಗೆಳತಿಯರು. ಕಾಲುವೆಯ ಮಾತು ಬಂದಲ್ಲೆಲ್ಲ ಹಸಿರು ಕುಣಿಕೆ. ಸಿರುಗುಪ್ಪದವಳಿಗೆ ಕಾಲುವೆಯ ಬಗ್ಗೆ ಸುಳ್ಳು ಹೇಳಿ ನಂಬಿಸಲಾಗುತ್ತದೆಯೇ? ಇಬ್ಬರಲ್ಲೊಬ್ಬಳು ಸಾಯುವ ಪುಟದಲ್ಲೂ ಹಸಿರಿತ್ತು. ಕುಣಿಕೆ ಮಾತ್ರ ಸಡಿಲ, ಬೆರಳಲ್ಲಿ ಬಲವಿರಲಿಲ್ಲವೇನೋ. ಅಲ್ಲಿಂದ ಮುಂದೆ ದಾರವೇ ಇಲ್ಲ.

ಓದುತ್ತ ಹೋದೆ. ಕೊನೆಯ ಪುಟದಲ್ಲಿ ಬಾಗಿಲು ತಟ್ಟಿದ ಸದ್ದಾಗುತ್ತದೆ. ತೆರೆದರೆ ಸತ್ತವಳು ಒದ್ದೆ ತಲೆಗೂದಲಲ್ಲಿ ನಿಂತಿದ್ದಾಳೆ. ತಡವಾಯಿತು ಎನ್ನುತ್ತಾಳೆ, ಒಳಗೆ ಬಂದು ಚಹಾ ಕೇಳುತ್ತಾಳೆ. ಕಥೆ ಮುಗಿಯಿತು.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಇದನ್ನು ಬರೆದವರ ಕೈಗೆ ಮುತ್ತು ಕೊಡಬೇಕು ಅನ್ನಿಸಿತು. ಮೊದಲ ಬಹುಮಾನ ಇದಕ್ಕೇ ಎಂದುಕೊಂಡು ಸೂಜಿಗೆ ಹಸಿರು ದಾರ ಪೋಣಿಸಿದೆ. ಅವಳು ಈ ಪುಟ ಓದಿದ್ದಳೋ? ಓದಿಯೂ ಕೆಂಪು ಹಾಕಲು ಮನಸ್ಸಾಗಲಿಲ್ಲವೋ? ಅಥವಾ ಇಲ್ಲಿಗೆ ಬರುವಷ್ಟು ಹೊತ್ತೇ ಸಿಗಲಿಲ್ಲವೋ? ಕೇಳಲು ಇದ್ದವಳು ಅವಳೊಬ್ಬಳೇ.

ಸೂಜಿ ಹಿಡಿದುಕೊಂಡೇ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ಪಕ್ಕದ ಮನೆಗೆ ಯಾರೋ ಬಂದರು. ಅವಳನ್ನು ಮಣ್ಣು ಮಾಡಿ ಬಂದಾಗಿನಿಂದ ನಾನು ದಿನಾ ಹೀಗೇ ಬಾಗಿಲು ನೋಡುತ್ತಿದ್ದೆ ಎಂಬುದು ಆಗ ಹೊಳೆಯಿತು. ಹಸಿರು ದಾರ ಎಳೆದು ತೆಗೆದೆ. ಕೆಂಪು ದಾರ ಪೋಣಿಸಲು ಕಣ್ಣು ಮಂಜಾಗಿ ಬಹಳ ಹೊತ್ತು ಹಿಡಿಯಿತು.

ಸಂಜೆ ಬಳಗದವರಿಗೆ ಫೋನ್ ಮಾಡಿದೆ. ಕಾಲುವೆಯ ಕಥೆಗೆ ಮೊದಲ ಬಹುಮಾನವಿಲ್ಲ ಎಂದೆ.

"ಭಾಳ ಚಲೋ ಐತಿ ಅಂತಿದ್ರಲ್ರಿ ನಮ್ಮೋರು. ಯಾಕ ಅಂತ ಬರ್ಕಳ್ಳಿ ಮೇಡಂ?"

"ತೀರ್ಪುಗಾರರು ಇಬ್ರೂ ಒಪ್ಪಲಿಲ್ಲ ಅಂತ ಬರ್ಕಳ್ರಿ" ಎಂದೆ.