ಸೀಟಿ ಬಂದ ದಿಕ್ಕು

ಮರಳೂರಿನ ಅಫ್ರೋಜ್ ಲಾರಿಗಳಿಗೆ ಟಾರ್ಪಾಲು ಹೊಲಿಯುವವನು. ಮೂಗಿನ ತುದಿಯಲ್ಲೇ ಕೋಪ. ವರ್ಷಕ್ಕೆರಡು ಸಲ ಪರಿಚಯದವರನ್ನು ದೇವರಾಯನದುರ್ಗದ ಕಡೆ ಕರೆದೊಯ್ದು, ಎರಡು ದಿನ ಕಾಡಂಚಿನಲ್ಲಿ ಬದುಕುವುದನ್ನು ಕಲಿಸುತ್ತಾನೆ. ದಾರಿ ತಪ್ಪಿದವರು ನಿಂತಲ್ಲೇ ಸೀಟಿ ಊದಬೇಕು, ಅವನೇ ಹುಡುಕಿಕೊಂಡು ಬರುತ್ತಾನೆ. ಹೊರಡುವ ಹಿಂದಿನ ದಿನ ಎಲ್ಲರ ಬ್ಯಾಗನ್ನೂ ತನ್ನ ಅಂಗಡಿ ಮುಂದೆ ಸುರಿಸಿ ನೋಡುವುದು ಅವನ ಪದ್ಧತಿ.

ಈ ಸಲ ಬ್ಯಾಂಕಿನ ರಘುನಂದನನ ಕಾಲುಚೀಲದೊಳಗಿಂದ ಇನ್ಹೇಲರ್ ಉರುಳಿತು. ಅಫ್ರೋಜನೂ ಸೇರಿ ಹೊರಡುವವರೆಲ್ಲ ತಮ್ಮ ಕಾಯಿಲೆ, ಊನ ಬರೆಯಬೇಕಾದ ಫಾರಂನಲ್ಲಿ ಆತ ‘ಇಲ್ಲ’ ಎಂದು ಬರೆದಿದ್ದ.

“ಏನ್ ಸಾರ್ ಇದು? ಬೆಟ್ಟದ ಮೇಲೆ ಉಸಿರು ಕಟ್ಟಿದ್ರೆ ನಿಮ್ ಕಾಲುಚೀಲ ತಡಕಾಡ್ಬೇಕಾ ನಾವು?”

“ಹೇಳಿದ್ರೆ ಬಿಟ್ಟು ಹೋಗ್ತೀರಾ ಅಂತ...”

“ಮುಚ್ಚಿಟ್ಟೋರ್ನ ಬಿಟ್ಟೇ ಹೋಗೋದು. ನಡೀರಿ ಮನೆಗೆ.”

ಉಳಿದ ಆರು ಮಂದಿ ದಾರಿ ಬಿಟ್ಟರು. ರಘುನಂದನ ಬ್ಯಾಗು ತುಂಬಿ ಹೆಗಲಿಗೇರಿಸಿದ.

ಒಳಗೆ ಹೊಲಿಯುತ್ತಿದ್ದ ಅಫ್ರೋಜನ ಹೆಂಡತಿ ಯಾಸ್ಮೀನ್ ಮಿಷನ್ನು ನಿಲ್ಲಿಸಿದಳು. ಒಂದು ಸೀಟಿ ಎತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಹೋಗಿ, ಅಫ್ರೋಜನ ಎಡಕ್ಕೆ ನಿಂತಿದ್ದ ಲಾರಿಯ ಮರೆಯಲ್ಲಿ ಜೋರಾಗಿ ಊದಿದಳು.

ಎಲ್ಲರೂ ಲಾರಿಯತ್ತ ತಿರುಗಿದರು. ಅಫ್ರೋಜ್ ಮಾತ್ರ ಬಲಕ್ಕೆ, ರಸ್ತೆಯ ಕಡೆಗೆ ಧಾವಿಸಿದ.

ಯಾಸ್ಮೀನ್ ಮರೆಯಿಂದ ಬಂದು, ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಹೇಳಿದಳು: “ಹೋದ್ ವರ್ಷ ಜ್ವರ ಬಂದಾಗಿಂದ ಇವ್ರಿಗೆ ಎಡಗಿವಿ ಕೇಳ್ಸಲ್ಲ. ಸದ್ದು ಯಾವ್ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ.”

ಅಫ್ರೋಜನ ಫಾರಂನಲ್ಲೂ ‘ಇಲ್ಲ’ ಎಂದೇ ಇತ್ತು.

ರಘುನಂದನ ಬ್ಯಾಗು ಇಳಿಸಿ, ಜೇಬಿನಿಂದ ಪೆನ್ನು ತೆಗೆದು, ರಸ್ತೆಯಿಂದ ವಾಪಸು ಬಂದ ಅಫ್ರೋಜನ ಮುಂದೆ ಹಿಡಿದ.